ಮನೆ ನನ್ನದು, ಕಾಗದದಲ್ಲಿ ನಾನು ಬಾಡಿಗೆದಾರ: ಹೌಸಿಂಗ್ ಸೊಸೈಟಿ ಜಗಳದ ಹಳೇ ಕಥೆ

ಇದು ಹೋದ ವಾರದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ. ಹಾಗಾಗಿ ನೋಡಿದವರೂ ಓದಬಹುದು.

ನಾನು ಪುಣೆಗೆ ಬಂದಿದ್ದು 2014ರಲ್ಲಿ. ಮೊದಲ ಏಳು ವರ್ಷ ಬಾಡಿಗೆ ಮನೆ, ಆಮೇಲೆ ವಾಕಡ್ ಕಡೆ ಸಾಲ ಮಾಡಿ ಒಂದು ಟೂ ಬಿಎಚ್‌ಕೆ. ಬಾಡಿಗೆಗೆ ಇದ್ದಾಗ ಸೊಸೈಟಿ ಕಮಿಟಿ ಅಂದ್ರೆ ನನಗೆ ಮೈಯೆಲ್ಲಾ ಉರಿ. ಜಿಮ್ ನಿಮಗಿಲ್ಲ, ಗೆಸ್ಟ್ ಪಾರ್ಕಿಂಗ್ ನಿಮಗಿಲ್ಲ, ರಾತ್ರಿ ಹತ್ತರ ಮೇಲೆ ಸ್ನೇಹಿತರು ಬಂದರೆ ಗೇಟಿನಲ್ಲಿ ಹೆಸರು ಬರೆಸಿ. ಆಗ ಸೆಕ್ರೆಟರಿಯನ್ನ ಮನಸ್ಸಿನಲ್ಲಿ ಬೈದಷ್ಟು ನನ್ನ ಮ್ಯಾನೇಜರನ್ನೂ ಬೈದಿಲ್ಲ. ವಿಧಿಯಾಟ ನೋಡಿ, ಎರಡು ವರ್ಷದ ಹಿಂದೆ ಈಗಿನ ಸೊಸೈಟಿಯಲ್ಲಿ ನಾನೇ ಟ್ರೆಶರರ್ ಆದೆ. ಯಾರೂ ನಿಲ್ಲಲಿಲ್ಲ, ಎಕ್ಸೆಲ್ ಬರುತ್ತೆ ಅಂತ ನನ್ನನ್ನ ಕೂರಿಸಿದರು.

ಈ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ವಿಪರೀತ ಬಂತು. ನಮ್ಮ ಕಡೆ ಇರೋರಿಗೆ ಈ ಕಥೆ ಗೊತ್ತು, ಏಪ್ರಿಲ್ ಬಂತು ಅಂದ್ರೆ ಗೇಟಿನಲ್ಲಿ ಟ್ಯಾಂಕರ್ ಸಾಲು. ಮೂರನೇ ಮಹಡಿಯ ಒಬ್ಬ ಕಾಕಾ, ಬ್ಯಾಂಕಿನಿಂದ ನಿವೃತ್ತರಾದವರು, ಎರಡು ತಿಂಗಳ ಟ್ಯಾಂಕರ್ ಬಿಲ್ಲುಗಳ ಪ್ರತಿ ಕೊಡಿ ಅಂತ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ಒಂದು ಸಲ ಅಲ್ಲ, ನಾಲ್ಕು ಸಲ. ನಾನು ರಿಲೀಸ್ ಕೆಲಸದಲ್ಲಿ ರಾತ್ರಿ ಒಂದೂವರೆಗೆ ಲ್ಯಾಪ್‌ಟಾಪ್ ಮುಚ್ಚಿದವನು ಆ ಮೆಸೇಜ್ ನೋಡಿ ಬರೆದೆ: "ಕಾಕಾ, ಅಷ್ಟು ಅನುಮಾನ ಇದ್ದರೆ ಮುಂದಿನ ವರ್ಷ ನೀವೇ ಟ್ರೆಶರರ್ ಆಗಿ." ಹದಿನೇಳು ಜನ ಥಂಬ್ಸ್ ಅಪ್ ಹಾಕಿದರು. ಕಾಕಾ ಏನೂ ಬರೆಯದೆ ಗುಂಪು ಬಿಟ್ಟರು. ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ ನೆಲ ನೋಡುತ್ತಾ ನಿಂತರು. ದಿನಾ "ಕಾಯ್ ಮ್ಹಣತೋಸ್ ಬಾಳಾ" ಅಂತ ಕೇಳ್ತಿದ್ದ ಮನುಷ್ಯ.

ಅದೇ ವಾರ ಬ್ಯಾಂಕಿನಲ್ಲಿ ಸಹಿದಾರರ ಹೆಸರು ಬದಲಿಸಬೇಕಿತ್ತು. ಅವರು ಸೊಸೈಟಿಯ ನೋಂದಣಿ ಸರ್ಟಿಫಿಕೇಟ್ ಕೇಳಿದರು. ಸ್ಕ್ಯಾನ್ ಮಾಡುವಾಗ ಮೊದಲ ಸಲ ಅದನ್ನ ಪೂರ್ತಿ ಓದಿದೆ. ವರ್ಗೀಕರಣ: ಗೃಹನಿರ್ಮಾಣ ಸಂಸ್ಥೆ. ಉಪವರ್ಗ: "ಭಾಡೇಕರೂ ಸಹಭಾಗೀದಾರಿ". ಇಂಗ್ಲಿಷಿನಲ್ಲಿ ಹೇಳೋದಾದ್ರೆ ಟೆನೆಂಟ್ ಕೋ-ಪಾರ್ಟ್‌ನರ್‌ಶಿಪ್.

ಭಾಡೇಕರೂ? ಇಪ್ಪತ್ತು ವರ್ಷದ ಹೋಮ್ ಲೋನ್ ಕಟ್ಟುತ್ತಿರೋ ನಾನು ಬಾಡಿಗೆದಾರನಾ? ಯಾರ ಬಾಡಿಗೆದಾರ?

ಗುಮಾಸ್ತರು ತಪ್ಪು ಬರೆದಿರಬೇಕು ಅಂದುಕೊಂಡೆ. ತಪ್ಪಲ್ಲ. ಮಹಾರಾಷ್ಟ್ರ ಸಹಕಾರ ಸಂಘಗಳ 1961ರ ನಿಯಮಗಳಲ್ಲೇ ಈ ಪದ ಇದೆ. ಜಾಗ ಸಂಘದ್ದು, ಮನೆ ಮಾತ್ರ ಸದಸ್ಯನದ್ದು ಅಂತಿದ್ದರೆ ಅದು ಟೆನೆಂಟ್ ಓನರ್‌ಶಿಪ್. ಜಾಗವೂ ಸಂಘದ್ದು, ಕಟ್ಟಡವೂ ಸಂಘದ್ದು, ಸದಸ್ಯನಿಗೆ ಇರಲು ಹಂಚಿಕೊಟ್ಟಿದ್ದು ಅಂತಿದ್ದರೆ ಟೆನೆಂಟ್ ಕೋ-ಪಾರ್ಟ್‌ನರ್‌ಶಿಪ್. ಮುಂಬೈ, ಪುಣೆಯ ಬಹುಮಹಡಿ ಸೊಸೈಟಿಗಳು ಸಾಮಾನ್ಯವಾಗಿ ಈ ಎರಡನೇ ಡಬ್ಬಿಗೆ ಬೀಳುತ್ತವೆ. ಎರಡರಲ್ಲೂ "ಟೆನೆಂಟ್" ಯಾಕೆ ಬಂತು ಅಂತ ಹುಡುಕುತ್ತಾ ಹೋದರೆ ದಾರಿ ಮುಂಬೈನ ಗಾಮ್‌ದೇವಿಗೆ, ಅಲ್ಲಿಂದ ನಮ್ಮ ಉತ್ತರ ಕನ್ನಡಕ್ಕೆ ಬಂದು ನಿಂತಿತು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳೇ ರೋಗದ ಮನೆ ಅಂತ ಸರ್ಕಾರಕ್ಕೆ ಅನಿಸಿ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೇ ಕೇರಿಗಳನ್ನ ಒಡೆಯೋದು, ರಸ್ತೆ ಹಾಕೋದು, ಹೊಸ ನಿವೇಶನ ತೆಗೆಯೋದು ಅದರ ಕೆಲಸ. ಒಡೆದಷ್ಟು ಬೇಗ ಕಟ್ಟಲಿಲ್ಲ, ಹಾಗಾಗಿ ಬಾಡಿಗೆ ಏರಿತು. ಅದರ ಬಿಸಿ ತಟ್ಟಿದವರಲ್ಲಿ ಕಚೇರಿಗಳಲ್ಲಿ ಗುಮಾಸ್ತ ಕೆಲಸಕ್ಕೆ ಅಂತ ದೂರದ ಜಿಲ್ಲೆಗಳಿಂದ ಬಂದವರೂ ಇದ್ದರು. ನಮ್ಮ ಹಾಗೇ ಅನ್ನಿ, ಲ್ಯಾಪ್‌ಟಾಪ್ ಬದಲು ಲೆಡ್ಜರ್.

ಉತ್ತರ ಕನ್ನಡ ಜಿಲ್ಲೆ 1862ರಿಂದ ಬಾಂಬೆ ಪ್ರೆಸಿಡೆನ್ಸಿಯ ಭಾಗ. ಹಾಗಾಗಿ ಅಲ್ಲಿಯವರಿಗೆ ದೊಡ್ಡ ಊರು ಅಂದರೆ ಬೆಂಗಳೂರಲ್ಲ, ಮುಂಬೈ. ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತರು, ಮನೆಯಲ್ಲಿ ಕೊಂಕಣಿ ಶಾಲೆಯಲ್ಲಿ ಕನ್ನಡ ಕಲಿತವರು, ಹೀಗೆ ಬಂದು ಸೇರಿದ್ದರು. ಅವರಲ್ಲಿ ಒಬ್ಬರು ಶ್ರೀಪಾದ ಸುಬ್ರಾವ್ ತಲ್ಮಕಿ. 1906ರಲ್ಲಿ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿ ಅವರ ನೆನಪಿಗೆ ಒಂದು ಸಹಕಾರಿ ಸಾಲದ ಸಂಘ ಕಟ್ಟಿದರು. ಇವತ್ತು ನೀವು ಎಸ್‌ವಿಸಿ ಬ್ಯಾಂಕ್ ಅಂತ ಬೋರ್ಡ್ ನೋಡ್ತೀರಲ್ಲ, ಅದೇ. ಇದಕ್ಕೆ ಒಂದು ವರ್ಷ ಮುಂಚೆ, 1905ರಲ್ಲಿ, ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಶುರು ಮಾಡಿದ್ದರು. ಗದಗಿನವನಾದ ನಾನು ಇದನ್ನ ಹೇಳದೆ ಮುಂದೆ ಹೋದರೆ ಊರಿಗೆ ಹೋದಾಗ ಮನೆಯವರು ಬಿಡೋದಿಲ್ಲ.

1904ರ ಕಾನೂನು ಸಾಲದ ಸಂಘಗಳಿಗೆ ಮಾತ್ರ ಇತ್ತು. 1912ರ ಹೊಸ ಕಾನೂನು ಬೇರೆ ಬಗೆಯ ಸಂಘಗಳಿಗೂ ಬಾಗಿಲು ತೆಗೆಯಿತು. 1915ರಲ್ಲಿ ತಲ್ಮಕಿ ಮತ್ತು ಜೊತೆಯವರು ಗಾಮ್‌ದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲಿ 1909ರಲ್ಲೇ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಇತ್ತು, ಹಾಗಾಗಿ ಯಾರು ಮೊದಲು ಅನ್ನೋ ವಾದ ಬೇಕಾದರೆ ಮಾಡಬಹುದು. ಆದರೆ ಒಂದೇ ಸೂರಿನಡಿ ಹಲವು ಸಂಸಾರ, ಒಂದು ಕಮಿಟಿ, ಒಂದು ಲೆಕ್ಕಪುಸ್ತಕ ಅನ್ನೋ ನಮ್ಮ ಈಗಿನ ಸೊಸೈಟಿ ಜೀವನದ ತವರು ಗಾಮ್‌ದೇವಿಯೇ.

ಅವರು ಆರಿಸಿಕೊಂಡ ಮಾದರಿ ಇಂಗ್ಲೆಂಡಿನದು. ಲಂಡನ್ ಪಕ್ಕದ ಈಲಿಂಗ್‌ನಲ್ಲಿ 1901ರಲ್ಲಿ ಕಟ್ಟಡ ಕಾರ್ಮಿಕರು ಸೇರಿ ಈಲಿಂಗ್ ಟೆನೆಂಟ್ಸ್ ಅಂತ ಒಂದು ಸಂಘ ಮಾಡಿಕೊಂಡಿದ್ದರು. ಎಲ್ಲರೂ ಷೇರು ಹಾಕಬೇಕು, ಮಿಕ್ಕಿದ್ದು ಸಾಲ ತರಬೇಕು, ಸಂಘವೇ ಮನೆ ಕಟ್ಟಬೇಕು, ಸಂಘವೇ ಮಾಲೀಕ. ಸದಸ್ಯ ತಿಂಗಳು ತಿಂಗಳು ಸಂಘಕ್ಕೆ ಬಾಡಿಗೆ ಕೊಡ್ತಾನೆ. ಅಂದ್ರೆ ಒಬ್ಬೊಬ್ಬನಾಗಿ ನೋಡಿದರೆ ಆತ ಬಾಡಿಗೆದಾರ, ಎಲ್ಲರನ್ನೂ ಸೇರಿಸಿ ನೋಡಿದರೆ ಅವರೇ ಯಜಮಾನರು. ಬಾಡಿಗೆದಾರರ ಸಹಭಾಗಿತ್ವ, ಅಕ್ಷರಶಃ. ಮನೆ ಬಿಟ್ಟು ಹೋಗುವಾಗ ಷೇರಿನ ಹಣ ವಾಪಸ್, ಜಾಗದ ಬೆಲೆ ಏರಿದ ಲಾಭ ಮಾತ್ರ ಸಂಘದಲ್ಲೇ ಉಳೀಬೇಕು. ಚಾಳಿನ ಯಜಮಾನನ ಕಾಟದಿಂದ ಬೇಸತ್ತವನಿಗೆ ಇದಕ್ಕಿಂತ ಚೆಂದದ ಉಪಾಯ ಬೇಕಾ?

ಇಲ್ಲಿ ಸ್ವಲ್ಪ ನಿಲ್ಲೋಣ. ಇವತ್ತು ನಮ್ಮ ಕೈಲಿರೋ ಬೈಲಾ ಪುಸ್ತಕದ ಜೀವಾಳ ಈ ಕಾಲದ್ದು. ಒಬ್ಬ ಸದಸ್ಯ ಒಂದು ವೋಟು. ಸಂಬಳ ಇಲ್ಲದ ಕಮಿಟಿ. ಕಮಿಟಿಗಿಂತ ದೊಡ್ಡದು ಸರ್ವಸಾಧಾರಣ ಸಭೆ. ಮೇಲೆ ಸರ್ಕಾರದ ರಿಜಿಸ್ಟ್ರಾರ್. ಗಾಮ್‌ದೇವಿಯವರಿಗೆ ಇದು ಸರಿಹೋಗುವಂಥದ್ದು, ಯಾಕಂದ್ರೆ ಅವರು ಒಂದೇ ಸಮುದಾಯದವರು, ಒಂದೇ ಕಡೆಯಿಂದ ಬಂದವರು. ಕನರಾ ಸಾರಸ್ವತ ಅಸೋಸಿಯೇಷನ್ ಅಂತ 1911ರಿಂದಲೇ ಅವರದೊಂದು ಸಂಘ ಇತ್ತು. ಸೊಸೈಟಿ ಕಟ್ಟುವ ಮೊದಲೇ ಊರು ಕಟ್ಟಿಕೊಂಡವರು. ಸೆಕ್ರೆಟರಿಯ ಮೇಲೆ ಸಿಟ್ಟು ಬಂದರೆ ಮಾತಾಡಲು ಮದುವೆ ಮನೆ ಇತ್ತು, ಹಿರಿಯರಿದ್ದರು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನಂಬಿಕೆ ಇದ್ದದ್ದು ಒಳಗಿನವರ ನಡುವೆ, ಹೊರಗಿನವನಿಗೆ ಬಾಗಿಲು ಇರಲಿಲ್ಲ. ಸಮುದಾಯದ ಹೌಸಿಂಗ್ ಸೊಸೈಟಿ ಅನ್ನೋ ಈ ಪದ್ಧತಿಯನ್ನ 2005ರಲ್ಲಿ ಅಹಮದಾಬಾದಿನ ಒಂದು ಪಾರ್ಸಿ ಸೊಸೈಟಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ನನಗೆ ಆ ತೀರ್ಪು ಒಗ್ಗೋದಿಲ್ಲ. ಮನೆ ಹುಡುಕುವಾಗ ಬ್ರೋಕರ್ ಮೊದಲು ಹೆಸರು, ಆಮೇಲೆ ಊಟ ಏನು ಅಂತ ಕೇಳಿದ್ದು ನೆನಪಿದ್ದವರಿಗೆ ಒಗ್ಗೋದು ಕಷ್ಟ.

ಈ ಮಾದರಿ ತಲೆಕೆಳಗಾದದ್ದು ಸ್ವಾತಂತ್ರ್ಯದ ನಂತರ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾನೂನು ಹಳೇ ಕಟ್ಟಡಗಳ ಬಾಡಿಗೆಯನ್ನ 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರು ಬಚಾವ್. ಆದರೆ ಬಾಡಿಗೆಗೆ ಅಂತ ಹೊಸ ಕಟ್ಟಡ ಕಟ್ಟುವ ಆಸೆ ಬಿಲ್ಡರುಗಳಿಗೆ ಉಳಿಯಲಿಲ್ಲ. ಕಟ್ಟಿ ಬಾಡಿಗೆ ತಿನ್ನುವ ಬದಲು ಕಟ್ಟಿ ಬಿಡಿಬಿಡಿಯಾಗಿ ಮಾರೋಣ ಅಂತ ಹೊರಟರು. "ಓನರ್‌ಶಿಪ್ ಫ್ಲ್ಯಾಟ್" ಅನ್ನೋ ಪದ ಹುಟ್ಟಿತು. ಅದರ ಜೊತೆ ಮೋಸವೂ ಬಂತು. ಮುಂಗಡ ತಗೊಂಡು ಕಟ್ಟದೇ ಇರೋದು, ಮಾರಿದ ಮೇಲೂ ಜಾಗದ ಹಕ್ಕುಪತ್ರ ತಮ್ಮ ಹತ್ತಿರವೇ ಇಟ್ಕೊಳ್ಳೋದು. ಅದಕ್ಕೆ 1963ರಲ್ಲಿ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟ್ಸ್ ಆಕ್ಟ್ ಬಂತು, ನಾವು ಮೋಫಾ ಅನ್ನೋದು. ಅದರ ಹತ್ತನೇ ಕಲಂ ಪ್ರಕಾರ ಸಾಕಷ್ಟು ಜನ ಫ್ಲ್ಯಾಟ್ ತಗೊಂಡ ಮೇಲೆ ಬಿಲ್ಡರ್ ಅವರದೊಂದು ಸೊಸೈಟಿ ಅಥವಾ ಕಂಪನಿ ಮಾಡಿಸಬೇಕು. ಹನ್ನೊಂದನೇ ಕಲಂ ಪ್ರಕಾರ ಜಾಗ ಮತ್ತು ಕಟ್ಟಡದ ಹಕ್ಕನ್ನ ಅದಕ್ಕೆ ಬರೆದುಕೊಡಬೇಕು.

ಹೊಸದಾಗಿ ಏನೂ ಬರೆಯದೆ, ಪಕ್ಕದಲ್ಲಿ ಸಿದ್ಧವಾಗಿದ್ದ ಸಹಕಾರಿ ಸಂಘದ ಚೌಕಟ್ಟನ್ನೇ ಎತ್ತಿ ಇಲ್ಲಿಟ್ಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹಳೇ ಕೋಡ್‌ಬೇಸ್ ಫೋರ್ಕ್ ಮಾಡಿದರು, ಒಳಗಿನ ವೇರಿಯಬಲ್ ಹೆಸರುಗಳನ್ನ ಬದಲಿಸಲಿಲ್ಲ. ಗಾಮ್‌ದೇವಿಯಲ್ಲಿ ಮೊದಲು ಸಂಘ, ಆಮೇಲೆ ಮನೆ. ನಮ್ಮಲ್ಲಿ ಮೊದಲು ಬುಕಿಂಗ್, ಆಮೇಲೆ ಈಎಂಐ, ಪೊಸೆಷನ್, ಕೊನೆಗೆ ಸಂಘ. ಜೊತೆಗಾರರನ್ನ ನಾವು ಆರಿಸಲಿಲ್ಲ, ಬಿಲ್ಡರ್‌ನ ಸೇಲ್ಸ್ ಆಫೀಸ್ ಆರಿಸಿತು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಈಲಿಂಗ್ ಮಾದರಿಯಲ್ಲಿ ಬೆಲೆ ಏರಿದ ಲಾಭ ಸಂಘದ್ದು. ನಮ್ಮಲ್ಲಿ ಅದು ಪೂರ್ತಿ ಮಾರುವವನ ಜೇಬಿಗೆ. ಉಳಿದದ್ದು ಖರ್ಚು ಒಂದೇ. ಹಾಗಾಗಿ ಒಟ್ಟಿಗೆ ಕೂತಾಗಲೆಲ್ಲ ಮಾತು ಖರ್ಚಿನದೇ: ಲಿಫ್ಟ್, ಬಣ್ಣ, ಟ್ಯಾಂಕರ್.

ಕಾನೂನು ಮಾತ್ರ ಹಳೇ ಹೆಸರಿಗೇ ನಿಷ್ಠವಾಗಿದೆ. 1985ರ ದಮನ್ ಸಿಂಗ್ ಮೊಕದ್ದಮೆ ಇದಕ್ಕೆ ಸಾಕ್ಷಿ. ಅದು ಪಂಜಾಬಿನ ಸಹಕಾರಿ ಸಂಘಗಳನ್ನ ಒಂದರಲ್ಲೊಂದು ವಿಲೀನ ಮಾಡಿದ ಜಗಳ, ಫ್ಲ್ಯಾಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಒಮ್ಮೆ ಸಹಕಾರಿ ಸಂಘದ ಸದಸ್ಯನಾದ ಮೇಲೆ ಸಂಘದ ವಿಷಯದಲ್ಲಿ ಅವನಿಗೆ ಬೇರೆ ವ್ಯಕ್ತಿತ್ವ ಇಲ್ಲ, ಕಾನೂನು ಮತ್ತು ಬೈಲಾ ಕೊಟ್ಟಷ್ಟೇ ಹಕ್ಕು. ಆಮೇಲೆ ಹೌಸಿಂಗ್ ಸೊಸೈಟಿ ಜಗಳಗಳಲ್ಲೂ ಇದನ್ನೇ ಎತ್ತಿ ಎತ್ತಿ ಹೇಳಿದರು. ಹಳೇ ಕಟ್ಟಡ ಒಡೆದು ಹೊಸದು ಕಟ್ಟಲು ಬಹುಮತ ಒಪ್ಪಿದಾಗ ಒಂದಿಬ್ಬರು ಬೇಡ ಅಂದ ಪ್ರಕರಣದಲ್ಲಿ, 2009ರಲ್ಲಿ ಬಾಂಬೆ ಹೈಕೋರ್ಟ್, ಸಭೆಯ ನಿರ್ಣಯ ಅವರಿಗೂ ಅನ್ವಯ ಅಂತು. ಕಾಗದದ ಮೇಲೆ ಸರಿ. ಆದರೆ ಒಂದು ಕೋಟಿ ಕೊಟ್ಟು "ನನ್ನ ಮನೆ" ಅಂತ ಗೃಹಪ್ರವೇಶ ಮಾಡಿದವನಿಗೆ ಯಾರಾದರೂ ಮೊದಲೇ ಇದನ್ನ ಹೇಳಿದ್ದಾರಾ? ಕಮಿಟಿಯವರು ಮಾತಾಡೋದು ಸಂಘದ ಭಾಷೆ, ಎದುರಿಗೆ ಕೂತವನು ಮಾತಾಡೋದು ಮಾಲೀಕನ ಭಾಷೆ. ಇಬ್ಬರೂ ಅವರವರ ಕಾಗದದ ಪ್ರಕಾರ ಸರಿ. ಒಬ್ಬನ ಕೈಲಿ ರಿಜಿಸ್ಟ್ರಾರ್ ಕೊಟ್ಟ ಸರ್ಟಿಫಿಕೇಟ್, ಇನ್ನೊಬ್ಬನ ಕೈಲಿ ಸಬ್‌ರಿಜಿಸ್ಟ್ರಾರ್ ಕೊಟ್ಟ ಸೇಲ್ ಅಗ್ರಿಮೆಂಟ್.

ಪಾರ್ಕಿಂಗ್ ಜಗಳದಲ್ಲಿ ಇದು ಚೆನ್ನಾಗಿ ಕಾಣುತ್ತೆ. ಬಿಲ್ಡರಿಗೆ ಲಕ್ಷಗಟ್ಟಲೆ ಕೊಟ್ಟು ಸ್ಟಿಲ್ಟ್ ಪಾರ್ಕಿಂಗ್ "ಕೊಂಡ"ವರು ನಮ್ಮಲ್ಲೂ ಇದ್ದಾರೆ. 2010ರಲ್ಲಿ ಮುಂಬೈನ ಪಾಂಚಾಲಿ ಸೊಸೈಟಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸ್ಟಿಲ್ಟ್ ಪಾರ್ಕಿಂಗ್ ಅನ್ನೋದು ಮೋಫಾ ಪ್ರಕಾರ ಫ್ಲ್ಯಾಟ್ ಅಲ್ಲ, ಅದನ್ನ ಬಿಲ್ಡರ್ ಬೇರೆಯಾಗಿ ಮಾರುವ ಹಾಗಿಲ್ಲ, ಅದು ಎಲ್ಲರಿಗೂ ಸೇರಿದ ಜಾಗ. ದುಡ್ಡು ತಗೊಂಡ ಬಿಲ್ಡರ್ ಅಷ್ಟೊತ್ತಿಗೆ ಮೂರು ಪ್ರಾಜೆಕ್ಟ್ ಮುಂದೆ ಹೋಗಿರ್ತಾನೆ. ಎರಡು ಕಾರು ಇರೋ ಮನೆಯವರೂ ಕಮಿಟಿಯೂ ಬೇಸ್‌ಮೆಂಟಿನಲ್ಲಿ ನಿಂತು ಕೂಗಾಡುತ್ತಾರೆ.

ಬೆಂಗಳೂರಿನಲ್ಲಿ ಹೀಗಿಲ್ಲ ಅಂದುಕೊಳ್ಳಬೇಡಿ. ಅಲ್ಲಿ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾನೂನು ಇದೆ, ಎಷ್ಟೋ ಅಸೋಸಿಯೇಷನ್‌ಗಳು ನೋಂದಣಿಯಾಗಿರೋದು 1960ರ ಸೊಸೈಟಿ ನೋಂದಣಿ ಕಾನೂನಿನಡಿ. ಗೊಂದಲ ಅಲ್ಲಿಯೂ ಬೇಕಾದಷ್ಟಿದೆ. ಅದು ಇನ್ನೊಂದು ದಿನದ ಮಾತು.

ನನಗೆ ನಿಜವಾಗಿ ಚುಚ್ಚಿದ್ದು ಬೇರೆ. ನಮ್ಮ ಕಟ್ಟಡದಲ್ಲಿ ಮೂರರಲ್ಲಿ ಒಂದು ಮನೆ ಬಾಡಿಗೆಗೆ ಇದೆ. ಹೆಚ್ಚಿನವರು ಐಟಿ ಹುಡುಗರು, ಹುಡುಗಿಯರು, ನಿಮ್ಮಂಥವರು. ಅವರ ಒಪ್ಪಂದದ ಹೆಸರು ಏನು? "ಲೀವ್ ಅಂಡ್ ಲೈಸೆನ್ಸ್", ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಬಾಡಿಗೆ ಕಾನೂನು ಟೆನೆಂಟಿಗೆ ಅಷ್ಟು ರಕ್ಷಣೆ ಕೊಟ್ಟಿತ್ತಲ್ಲ, ಆ ಭಯಕ್ಕೆ ಮಾಲೀಕರು ಯಾರನ್ನೂ ಟೆನೆಂಟ್ ಅಂತ ಕರೆಯೋದನ್ನೇ ಬಿಟ್ಟರು. ಅಂದ್ರೆ ಬಾಡಿಗೆ ಕೊಡೋನು ಕಾಗದದಲ್ಲಿ ಲೈಸೆನ್ಸಿ. ಮಾಲೀಕ ಕಾಗದದಲ್ಲಿ ಟೆನೆಂಟ್. ಬಾಡಿಗೆದಾರರು ಸೇರಿ ತಮಗೆ ತಾವೇ ಯಜಮಾನರಾಗೋಣ ಅಂತ ಶುರುವಾದ ಸಂಸ್ಥೆಯಲ್ಲಿ ಈಗಿನ ಬಾಡಿಗೆದಾರನಿಗೆ ವೋಟಿಲ್ಲ, ಕುರ್ಚಿಯೂ ಇಲ್ಲ.

ಖರ್ಚಿನಲ್ಲಿ ಮಾತ್ರ ಪಾಲಿದೆ. ಸದಸ್ಯ ತಾನಿರದೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ನಾನ್-ಆಕ್ಯುಪೆನ್ಸಿ ಚಾರ್ಜ್ ಹಾಕುತ್ತೆ. ಒಂದು ಕಾಲದಲ್ಲಿ ಇದಕ್ಕೆ ಲಂಗುಲಗಾಮು ಇರಲಿಲ್ಲ. 2001ರ ಆಗಸ್ಟಿನಲ್ಲಿ ಸರ್ಕಾರ ಆದೇಶ ಹೊರಡಿಸಿ ಸರ್ವಿಸ್ ಚಾರ್ಜಿನ ಶೇ. 10ಕ್ಕಿಂತ ಹೆಚ್ಚು ತಗೋಬಾರದು ಅಂತು. ಸೊಸೈಟಿಯೊಂದು ಕೋರ್ಟಿಗೆ ಹೋಯಿತು, 2007ರಲ್ಲಿ ಬಾಂಬೆ ಹೈಕೋರ್ಟ್ ಆ ಮಿತಿಯನ್ನ ಎತ್ತಿಹಿಡಿಯಿತು. ಆಮೇಲಿನ ಮಾದರಿ ಬೈಲಾದಲ್ಲಿ ಬಾಡಿಗೆಗೆ ಕೊಡಲು ಕಮಿಟಿಯ ಅನುಮತಿ ಬೇಡ, ತಿಳಿಸಿ ಒಪ್ಪಂದದ ಪ್ರತಿ ಕೊಟ್ಟರೆ ಸಾಕು ಅಂತಿದೆ. ಆದರೂ "ಬ್ಯಾಚುಲರ್ಸ್‌ಗೆ ಎನ್‌ಒಸಿ ಇಲ್ಲ" ಅನ್ನೋ ಸೆಕ್ರೆಟರಿ ನಿಮಗೂ ಸಿಕ್ಕಿರಬಹುದು. ನನಗೆ ಇಬ್ಬರು ಸಿಕ್ಕಿದ್ದರು. ಮುಂದಿನ ಸಲ ಬೈಲಾದ ಪುಟ ತೋರಿಸಿ ಅಂತ ಕೇಳಿ ನೋಡಿ.

ಇಷ್ಟೆಲ್ಲಾ ಓದಿ ಮುಗಿಸಿದ ಮೇಲೆ ಕಾಕಾನ ಬಿಲ್ಲುಗಳ ವಿಷಯ ತಲೆಯಲ್ಲಿ ಕೂತೇ ಇತ್ತು. ಲೆಕ್ಕ ನೋಡೋದು, ಪ್ರತಿ ಕೇಳೋದು ಸದಸ್ಯನ ಹಕ್ಕು, ನಿಗದಿತ ಶುಲ್ಕ ತಗೊಂಡು ಕೊಡಲೇಬೇಕು. ನಾನು ಅದನ್ನ ಉಪಕಾರ ಅನ್ನೋ ಹಾಗೆ ಮಾಡಿದ್ದೆ. ಶನಿವಾರ ಬೆಳಿಗ್ಗೆ ಫೈಲ್ ಹಿಡ್ಕೊಂಡು ಮೂರನೇ ಮಹಡಿಗೆ ಹೋದೆ. ಚೇರ್ಮನ್ನರಿಗೆ ಹೇಳಿರಲಿಲ್ಲ. ಕಾಕಾ ಬಾಗಿಲು ತೆಗೆದು, ಒಳಗೆ ಕರೆಯೋಕೆ ಅರ್ಧ ನಿಮಿಷ ತಗೊಂಡರು. ಕಾಕೂ ಪೋಹೆ ತಂದಿಟ್ಟರು. ಕಾಕಾ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ, ಪೆನ್ಸಿಲ್ ಹಿಡಿದು ಒಂದೊಂದೇ ಚೀಟಿ ಸರಿಸುತ್ತಾ ಹೋದರು. ಎರಡು ಗಂಟೆ ಆದ ಮೇಲೆ ಪೆನ್ಸಿಲ್ ನಿಂತಿತು. ಮೇ ತಿಂಗಳ ಎರಡು ಟ್ಯಾಂಕರ್ ಎರಡೆರಡು ಸಲ ಎಂಟ್ರಿ ಆಗಿತ್ತು. ಮಾಡಿದ್ದು ನಾನೇ, ರಾತ್ರಿ ಒಂದೂವರೆ ಗಂಟೆಯ ಎಕ್ಸೆಲ್ ಕೆಲಸ. ಇನ್ನು ಒಂಬತ್ತು ಚೀಟಿಗಳಲ್ಲಿ ವಾಚ್‌ಮನ್ ಸಹಿಯೇ ಇರಲಿಲ್ಲ. ಅಷ್ಟು ಟ್ಯಾಂಕರ್ ನಿಜವಾಗಿ ಬಂದಿತ್ತಾ ಇಲ್ಲವಾ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ನೀನು ಕಳ್ಳ ಅಂತ ನಾನು ಎಲ್ಲೂ ಹೇಳಲಿಲ್ಲ ಬಾಳಾ," ಅಂದರು ಕಾಕಾ. "ಬಿಲ್ ತೋರಿಸು ಅಂದೆ."

ನಾನು ಪೋಹೆ ತಟ್ಟೆ ನೋಡುತ್ತಾ ಕೂತೆ. ಕ್ಷಮಿಸಿ ಕಾಕಾ ಅಂದಿದ್ದು ಬಾಗಿಲ ಹತ್ತಿರ ಚಪ್ಪಲಿ ಹಾಕ್ಕೊಳ್ಳುವಾಗ.

ಸೆಪ್ಟೆಂಬರಿನ ಎಜಿಎಂನಲ್ಲಿ ನನ್ನ ತಪ್ಪನ್ನ ನಾನೇ ಎದ್ದು ನಿಂತು ಹೇಳಿದೆ. ಚೇರ್ಮನ್ನರು ಸಿಟ್ಟಾದರು, ಕಮಿಟಿಯ ಮಾನ ಹೋಯಿತು, ನೀನು ಯಾರ ಕಡೆ ಅಂತ ಕೇಳಿದರು. ಟ್ಯಾಂಕರ್ ರಿಜಿಸ್ಟರ್ ಗೇಟಿನಲ್ಲೇ ಇಡಬೇಕು, ಯಾರು ಬೇಕಾದರೂ ನೋಡಬಹುದು ಅನ್ನೋದು ಪಾಸ್ ಆಯಿತು. ಬಾಡಿಗೆಗೆ ಇರೋರು ಸಭೆಗೆ ಬಂದು ವೋಟಿಲ್ಲದೆ ಮಾತಾಡಬಹುದು ಅನ್ನೋ ನನ್ನ ಎರಡನೇ ಪ್ರಸ್ತಾಪ 31ಕ್ಕೆ 12ರಲ್ಲಿ ಬಿದ್ದುಹೋಯಿತು. ಕಾಕಾ ಕೂಡ ವಿರುದ್ಧವೇ ಕೈ ಎತ್ತಿದರು. ಮೀಟಿಂಗ್ ಮುಗಿದ ಮೇಲೆ ಕೇಳಿದೆ. "ಅವರು ಹನ್ನೊಂದು ತಿಂಗಳಲ್ಲಿ ಹೋಗ್ತಾರೆ, ಆಮೇಲೆ ಅನುಭವಿಸೋರು ನಾವು," ಅಂದರು.

ರಾತ್ರಿ ನಾಲ್ಕನೇ ಮಹಡಿಯ ಬಳ್ಳಾರಿ ಹುಡುಗ ಲಿಫ್ಟಿನಲ್ಲಿ ಸಿಕ್ಕ. ಅವನಿರೋ ಮನೆಗೂ ಟ್ಯಾಂಕರ್ ಖರ್ಚು ಸಮಪಾಲು, ಮಾಲೀಕರು ಅದನ್ನ ಅವನಿಂದಲೇ ವಸೂಲಿ ಮಾಡ್ತಾರೆ. "ಅಣ್ಣಾ, ಮೀಟಿಂಗ್‌ನಾಗ ನೀರಿಂದು ಏನಾತು?" ಅಂತ ಕೇಳಿದ. ರಿಜಿಸ್ಟರ್ ಗೇಟಿನಾಗ ಇಡ್ತೀವಿ, ದಿನಾ ನೋಡ್ಕೊ ಅಂದೆ. ಎರಡನೇ ಪ್ರಸ್ತಾಪದ ವಿಷಯ ಹೇಳೋದರೊಳಗ ಅವನ ಮಹಡಿ ಬಂತು.